ಮೌಲಾಲಿ ಏರಿನ ಕೆಂಪು ಟಬ್ಬು

ನನ್ನ ಗಂಡ ಅಮರೇಶಪ್ಪನವರಿಗೆ ನಿವೃತ್ತಿಯಾದ ಮೇಲೆ ಹತ್ತಿದ ಹುಚ್ಚು ಒಂದೇ: ಏರು. ಹೈದರಾಬಾದಿನಲ್ಲಿ ಎಲ್ಲೆಲ್ಲಿ ರಸ್ತೆ ಎದೆಗೆ ಎದೆ ಕೊಟ್ಟು ಎದ್ದು ನಿಂತಿರುತ್ತದೋ ಅಲ್ಲಲ್ಲಿಗೆ ಹೋಗಿ ಅದನ್ನು ನಡೆದೇ ಹತ್ತಬೇಕು. ಹುಚ್ಚು ಇವರದು, ಮೊಣಕಾಲು ನೋವು ನನ್ನದು.

ನಾವು ಸಿಂಧನೂರು ಕಡೆಯವರು. ನಮ್ಮ ಕಡೆ ನೆಲವೆಂದರೆ ರೊಟ್ಟಿ ಹಂಚಿನಷ್ಟು ಚಪ್ಪಟೆ, ಕಾಲುವೆ ಏರಿಯೇ ನಮಗೆ ದೊಡ್ಡ ಬೆಟ್ಟ. ಇವರು ಮೀಸೆ ಚಿಗುರುವ ಹೊತ್ತಿಗೆ ಇಲ್ಲಿನ ಎಲೆಕ್ಟ್ರಾನಿಕ್ಸ್ ಕಾರ್ಖಾನೆಗೆ ಸೇರಿ ಕುಷಾಯಿಗೂಡದಲ್ಲಿ ಬೇರುಬಿಟ್ಟರು. ನಾನು ಮದುವೆಯಾಗಿ ಬಂದು ಕಾಚಿಗೂಡದ ಒಂದು ಕನ್ನಡ ಶಾಲೆಯಲ್ಲಿ ಮಕ್ಕಳ ಕಿವಿ ಹಿಂಡುತ್ತ ನಿವೃತ್ತಳಾದೆ. ಇಷ್ಟು ವರ್ಷವಾದರೂ ಇಲ್ಲಿ ನಾವು ‘ಕರ್ನಾಟಕ ವಾಳ್ಳು’. ಊರಿಗೆ ಹೋದರೆ ‘ಹೈದರಾಬಾದಿನವರು ಬಂದ್ರು’ ಅಂತ ಸೋಫಾ ಝಾಡಿಸುತ್ತಾರೆ. ಹೀಗಾಗಿ ಎರಡು ಕಡೆಯೂ ನಾವು ಪರವೂರಿನವರೇ. ನಿಜ ಹೇಳಬೇಕೆಂದರೆ ದುಡಿಯುವ ಕಾಲದಲ್ಲಿ ಈ ಊರನ್ನು ನಾವು ನೋಡಿಯೇ ಇರಲಿಲ್ಲ. ಇವರಿಗೆ ಕಾರ್ಖಾನೆಯ ಗೇಟು ಗೊತ್ತು, ನನಗೆ ಬಸ್ಸಿನ ಕಿಟಕಿ ಗೊತ್ತು.

ಸಕ್ಕರೆ ಕಾಯಿಲೆ ಬಂದು ಡಾಕ್ಟರು ದಿನಾ ನಡೆಯಿರಿ ಅಂದಾಗ ಇವರು ಕಾಲೊನಿಯ ಪಾರ್ಕಿಗೆ ಹೋದರು. ನಾಲ್ಕು ದಿನ ಸುತ್ತಿ ಬಂದು ಚಪ್ಪಲಿ ಮೂಲೆಗೆ ಒಗೆದರು.

“ಗಾಣದ ಎತ್ತಿನಂಗ ಸುತ್ತೂದು ನನ್ನ ಕೈಲೆ ಆಗಂಗಿಲ್ಲ. ಮನುಷ್ಯಾ ನಡದ್ರ ಎಲ್ಲಿಗರೆ ಮುಟ್ಟಬೇಕು.”

“ಎಲ್ಲಿ ಮುಟ್ಟಾವ್ರು?”

“ಮ್ಯಾಲೆ,” ಅಂದರು, ಆಕಾಶದ ಕಡೆ ಕೈ ತೋರಿಸಿ. ನಾನು ‘ಬಿಡ್ತು ಅನ್ರಿ’ ಅಂದೆ.

ಅಲ್ಲಿಂದ ಶುರುವಾಯಿತು. ಭಾನುವಾರ ಬೆಳಿಗ್ಗೆ ಬಸ್ಸು ಹಿಡಿದು ಒಂದೊಂದು ಏರಿನ ಬುಡಕ್ಕೆ ಇಳಿಯುವುದು. ನೌಬತ್ ಪಹಾಡ್ ಆಯಿತು. ಬಂಜಾರಾ ಹಿಲ್ಸ್‌ನ ಬಂಗಲೆಗಳ ನಡುವೆ ಏದುಸಿರು ಬಿಡುತ್ತ ಹತ್ತುವಾಗ ಒಬ್ಬ ವಾಚ್‌ಮನ್ ‘ಯಾರ ಮನೆಗೆ ಕೆಲಸಕ್ಕೆ?’ ಅಂತ ಕೇಳಿದ್ದೂ ಆಯಿತು. ಇವರು ನಗುತ್ತ ‘ರಸ್ತಾ ನೋಡಾಕ ಬಂದೀವಪಾ’ ಅಂತ ಕನ್ನಡದಲ್ಲೇ ಹೇಳಿದರು, ಅವನು ಕುರ್ಚಿ ತಂದು ಕೂರಿಸಿದ. ಏರಿನ ತುದಿ ಮುಟ್ಟಿದ ಮೇಲೆ ಡಬ್ಬಿ ಬಿಚ್ಚಿ ಜೋಳದ ರೊಟ್ಟಿ, ಶೇಂಗಾ ಹಿಂಡಿ ತಿನ್ನುವುದು ನಮ್ಮ ಕಟ್ಟಳೆ. ನಡುವೆ ಆಟೊ ಹತ್ತಿದರೆ ರೊಟ್ಟಿ ಇಲ್ಲ. ಮೊದಮೊದಲು ಬೈದುಕೊಂಡೇ ಹತ್ತಿದವಳು ನಾನು. ಆಮೇಲೆ ಶನಿವಾರ ಸಂಜೆಯೇ ‘ನಾಳೆ ಯಾ ಕಡಿಗ್ರಿ?’ ಅಂತ ನಾನೇ ಕೇಳತೊಡಗಿದೆ. ಈ ವಯಸ್ಸಿನಲ್ಲಿ ಗಂಡ ಹೆಂಡತಿಗೆ ಕೂಡಿ ನೋಡಲು ಹೊಸದೊಂದು ಉಳಿದಿತ್ತಲ್ಲ, ಅದಕ್ಕೇ ನನಗೆ ಆ ಏರುಗಳ ಮೇಲೆ ಪ್ರೀತಿ.

ಇವರ ಇನ್ನೊಂದು ಸ್ವಭಾವ ಹೇಳಬೇಕು. ಮಹಾ ಮಡಿ. ಬೆಳಿಗ್ಗೆ ಲಿಂಗಪೂಜೆ ಆಗದೆ ಚಹಾ ಇಲ್ಲ, ಹೊರಗಿನ ನೀರಂತೂ ಮುಟ್ಟುವುದೇ ಇಲ್ಲ. ಮದುವೆ ಮನೆಗೂ, ಹಿಮಾಯತ್‌ನಗರದಲ್ಲಿರುವ ಮಗಳು ರಶ್ಮಿಯ ಆಫೀಸಿಗೂ ಮನೆಯ ನೀರಿನ ಬಾಟಲಿ ಹಿಡಿದೇ ಹೋಗುವವರು. ‘ಅಪ್ಪಾ, ಇದು ಫಿಲ್ಟರ್ ನೀರು’ ಅಂತ ಅವಳು ಗೋಗರೆದರೂ ಕೇಳಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಕಳೆದ ಮಾಘದಲ್ಲಿ ಇವರ ಕೊರಳಿನ ಕರಡಿಗೆಯ ಮುಚ್ಚಳ ಸಡಿಲವಾಯಿತು. ಇಷ್ಟಲಿಂಗ ಇಟ್ಟುಕೊಳ್ಳುವ ಬೆಳ್ಳಿಯ ಕರಡಿಗೆ, ಇವರ ಅಜ್ಜನ ಕಾಲದ್ದು. ರಶ್ಮಿ ಅದನ್ನು ರಿಪೇರಿಗೆಂದು ಬೆಳ್ಳಿ ಅಂಗಡಿಗೆ ಒಯ್ದಳು. ಅದು ಬರುವವರೆಗೆ ಇವರು ಲಿಂಗವನ್ನು ವಿಭೂತಿ, ಒಂದು ಬಿಲ್ವಪತ್ರೆಯೊಂದಿಗೆ ಬಿಳಿ ಪಾವಡದ ಬಟ್ಟೆಯಲ್ಲಿ ಸುತ್ತಿ, ಶಿವದಾರದಲ್ಲಿ ಗಂಟು ಹಾಕಿ ಕೊರಳಿಗೆ ಕಟ್ಟಿಕೊಂಡರು.

“ಗಂಟು ಸಡ್ಲ ಐತ್ರಿ. ತರ್ರಿಲ್ಲೆ, ನಾ ಕಟ್ತೀನಿ,” ಅಂದೆ.

“ಜೀವಮಾನೆಲ್ಲಾ ಕೂದಲಿನಂಥ ತಂತಿ ಬೆಸದೀನಿ. ನಂಗ ಒಂದು ಗಂಟು ಹಾಕಾಕ ಬರಂಗಿಲ್ಲೇನು?”

ಸುಮ್ಮನಾದೆ. ಸುಮ್ಮನಾದದ್ದು ಆ ವಾರದಲ್ಲಿ ಅದೊಂದೇ ಸಲ ಅಂತ ಕಾಣುತ್ತದೆ.

ಆ ಭಾನುವಾರ ಮೌಲಾಲಿ ಗುಡ್ಡ. ನಮ್ಮ ಮನೆಗೆ ಇದೇ ಹತ್ತಿರದ ಗುಡ್ಡ, ಅದಕ್ಕೇ ಇಷ್ಟು ದಿನ ಉಳಿದಿತ್ತು. ದರ್ಗಾದ ಮೆಟ್ಟಿಲ ಕಡೆಯಿಂದ ಎಲ್ಲರೂ ಹತ್ತುತ್ತಾರೆಂದು ಇವರು ಹಿಂಬದಿಯ ಒಂದು ಓಣಿ ಹುಡುಕಿದ್ದರು. ಓಣಿಯೋ ಗೋಡೆಯೋ! ಸಿಮೆಂಟು ಬಳಿದ ದಾರಿ ಬಂಡೆಗಳ ನಡುವೆ ನೆಟ್ಟಗೆ ಮೇಲೆದ್ದಿದೆ. ಎರಡೂ ಕಡೆ ಒಂದರ ಹೆಗಲ ಮೇಲೊಂದು ಕೂತ ಮನೆಗಳು. ಕೆಳಗಿನ ಮನೆಯ ಮಾಳಿಗೆ ಮೇಲಿನ ಮನೆಯ ಅಂಗಳ. ಸೊಂಟದ ಮೇಲೆ ಕೈಯಿಟ್ಟು, ನಿಂತು ನಿಂತು ಹತ್ತಿದೆವು. ಮೇಲೆ ಚಪ್ಪಟೆ ಬಂಡೆಯೊಂದು ಸಿಕ್ಕಿತು. ಗಾಳಿ ತಂಪಾಗಿತ್ತು. ರೈಲ್ವೆ ಹಳಿ, ಗುಂಡುಕಲ್ಲುಗಳು, ದೂರದಲ್ಲಿ ನಮ್ಮ ಕಾಲೊನಿಯ ನೀರಿನ ಟಾಕಿ, ಎಲ್ಲ ಕಾಣುತ್ತಿತ್ತು. ಊರ ಸುದ್ದಿ, ಮಗಳ ಸುದ್ದಿ ಮಾತಾಡುತ್ತ ಬಹಳ ಹೊತ್ತು ಕೂತೆವು.

ಬಿಸಿಲು ಏರಿದ ಮೇಲೆ ಇವರು ಅಂಗಿ ತುದಿ ಎತ್ತಿ ಹೊಟ್ಟೆಗೆ ಇನ್ಸುಲಿನ್ ಚುಚ್ಚಿಕೊಂಡರು. ಅದನ್ನು ತೆಗೆದುಕೊಂಡ ಮೇಲೆ ಸ್ವಲ್ಪ ಹೊತ್ತಿಗೆಲ್ಲ ಉಣ್ಣಲೇಬೇಕು, ಇಲ್ಲದಿದ್ದರೆ ಮೈಯ ಸಕ್ಕರೆ ಪಾತಾಳಕ್ಕೆ ಇಳಿಯುತ್ತದೆ. ನಾನು ಡಬ್ಬಿ ಬಿಚ್ಚಿದೆ. ಮೊದಲ ತುತ್ತಿಗೆ ಮುಂಚೆ ಲಿಂಗ ಮುಟ್ಟಿ ನಮಸ್ಕರಿಸುವುದು ಇವರ ರೂಢಿ. ಕೈ ಎದೆಗೆ ಹೋಯಿತು. ಅಲ್ಲೇ ನಿಂತಿತು. ಅಂಗಿಯ ಒಳಗಿಂದ ಬರೀ ದಾರ ಹೊರಗೆ ಬಂತು.

“ಶಿವದೇವಿ,” ಅಂತ ನನ್ನ ಹೆಸರು ಹಿಡಿದು ಕರೆದರು. ಅಷ್ಟೇ.

ಅಂಗಿ ಝಾಡಿಸಿದೆ, ಬಂಡೆ ಸುತ್ತ ನೋಡಿದೆ, ಚೀಲ ತಲೆಕೆಳಗೆ ಮಾಡಿದೆ. ಇಲ್ಲ. ಹತ್ತುವಾಗ ಎಲ್ಲೋ ಬಿದ್ದಿದೆ.

“ಹುಡುಕೂಣ್ರಿ, ಸಿಗತೈತಿ. ಮೊದ್ಲ ಒಂದು ಶೇಂಗಾ ಉಂಡಿ ಬಾಯಾಗ ಹಾಕ್ಕೋರಿ.”

ತಲೆಯಾಡಿಸಿದರು. ಮೈಮೇಲೆ ಲಿಂಗವಿಲ್ಲದೆ ಇವರ ಮನೆತನದಲ್ಲಿ ಯಾರೂ ಗುಟುಕು ನೀರು ಕುಡಿದವರಲ್ಲ. ಇವರ ಅಪ್ಪ ಕಾಲುವೆಯಲ್ಲಿ ಸ್ನಾನಕ್ಕಿಳಿದು ಲಿಂಗ ಕಳಕೊಂಡಾಗ, ನೀರು ನಿಲ್ಲಿಸಿ ಕೆಸರು ಬಳಿದು ಹುಡುಕಿ ಕೊಡುವವರೆಗೆ ದಂಡೆಯ ಮೇಲೆ ಉಪವಾಸ ಕೂತಿದ್ದರಂತೆ. ಆ ಕತೆ ಹೇಳುವಾಗೆಲ್ಲ ಇವರ ಕುತ್ತಿಗೆ ನೆಟ್ಟಗಾಗುತ್ತಿತ್ತು. ಆದರೆ ಅವರಪ್ಪನ ಹೊಟ್ಟೆಯಲ್ಲಿ ಇನ್ಸುಲಿನ್ ಇರಲಿಲ್ಲ.

“ಇನ್ಸುಲಿನ್ ಹೊಟ್ಟ್ಯಾಗ ಹೋಗೇತ್ರಿ! ಉಣ್ಣಲಿಲ್ಲಂದ್ರ ಇಲ್ಲೇ ಬೀಳ್ತೀರಿ!”

“ಬಿದ್ರ ಬೀಳ್ತೀನಿ.”

ನನಗೆ ಸಿಟ್ಟು ನೆತ್ತಿಗೇರಿತು. ಸಿಟ್ಟಿನ ಕೆಳಗೆ ಬರೀ ಹೆದರಿಕೆ. ನನ್ನ ಕೊರಳಿನ ಕರಡಿಗೆ ಬಿಚ್ಚಿ ಮುಂದೆ ಹಿಡಿದೆ. “ನಂದು ಅಂಗೈಯಾಗ ಇಟ್ಕೊಂಡು ಒಂದು ತುಣುಕು ತಿನ್ರಿ. ಶಿವ ಬ್ಯಾರೆ ಬ್ಯಾರೆ ಅದಾನೇನು?”

“ನಿನ್ನ ಪ್ರಾಣ ನೀ ಇಟ್ಕೊ,” ಅಂದರು ಮೆತ್ತಗೆ. “ನಂದು ನನಗ ಹುಡುಕಿ ಕೊಡು.”

ನಮ್ಮ ಜಂಗಮರು ವೈಜನಾಥ ಅಯ್ಯನವರಿಗೆ ಫೋನು ಹಚ್ಚಿದೆ. ಅವರೊಂದು ಮಾತು ಹೇಳಿದರೆ ಇವರು ಬಾಯಿ ತೆರೆದಾರು. ಅವರ ಮನೆಯ ಅಮ್ಮನವರು ಎತ್ತಿದರು: ಅಯ್ಯನವರು ಪೂಜೆಗೆ ಕೂತಿದ್ದಾರೆ, ಎದ್ದ ಕೂಡಲೇ ಹೇಳುತ್ತೇನೆ. ಎದ್ದ ಕೂಡಲೇ ಅಂದರೆ ಯಾವಾಗ? ಅಯ್ಯನವರ ಪೂಜೆ ನಮಗೆ ಗೊತ್ತಿಲ್ಲದ್ದೇ?

ಡಬ್ಬಿಯ ಚೀಲ ಹೆಗಲಿಗೆ ಹಾಕಿ ಇವರ ರಟ್ಟೆ ಹಿಡಿದು ಇಳಿಯತೊಡಗಿದೆ. ಅವಸರದಲ್ಲಿ ನೀರಿನ ಬಾಟಲಿ ಬಂಡೆಯ ಮೇಲೆಯೇ ಉಳಿಯಿತು. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನೋಡಿದೆವು. ಗಟಾರದ ಅಂಚು, ನಿಲ್ಲಿಸಿದ ಸ್ಕೂಟರಿನ ಕೆಳಗೆ, ಮನೆಗಳ ಮೆಟ್ಟಿಲ ಸಂದು. ಹಾಲಿನ ಪಾಕೀಟು, ಬೀಡಿ ತುಂಡು, ಹರಿದ ಗಾಳಿಪಟ, ಎಲ್ಲ ಇದ್ದವು. ಓಣಿಯ ಅರ್ಧಕ್ಕೆ ಬಂದಾಗ ನಡುರಸ್ತೆಯಲ್ಲಿ ಕೆಂಪು ಪ್ಲಾಸ್ಟಿಕ್ ಟಬ್ಬೊಂದು ಬೋರಲು ಬಿದ್ದಿತ್ತು, ಮೇಲೊಂದು ಕಲ್ಲು. ನೆಲ ನೋಡುತ್ತ ಬಂದ ನಾನು ಅದಕ್ಕೇ ಎಡವಿದೆ.

“ಯಾ ಪುಣ್ಯಾತಗಿತ್ತಿ ನಡು ರಸ್ತಾದಾಗ ಟಬ್ಬ್ ಇಟ್ಟಾಳ? ಮಂದಿ ಕಾಲು ಮುರೀಲಿ ಅಂತಾನ?” ಅಂತ ಬೈದೆ. ಹತ್ತುವಾಗ ಅದು ಅಲ್ಲಿರಲಿಲ್ಲ ಅನ್ನುವುದೂ ನನಗೆ ಹೊಳೆಯಲಿಲ್ಲ. ಮೇಲಿಂದ ಬಂದ ಆಟೊ ಕೂಡ ಅದನ್ನು ಬಳಸಿಕೊಂಡು ಗೋಡೆಗೆ ಉಜ್ಜುವ ಹಾಗೆ ಇಳಿಯಿತು.

ಬಸ್ಸಿನ ರಸ್ತೆಯವರೆಗೂ ಇಳಿದೆವು. ಸಿಗಲಿಲ್ಲ. ಇವರು ತಿರುಗಿ ಮತ್ತೆ ಹತ್ತತೊಡಗಿದರು. ಈಗ ಹಣೆಯ ಮೇಲೆ ದಪ್ಪ ಬೆವರು, ಅದೂ ತಣ್ಣಗಿನ ಬೆವರು. ಹೆಜ್ಜೆ ಅಡ್ಡ ಬೀಳುತ್ತಿತ್ತು. “ಶಿಫ್ಟ್ ಮುಗೀತೇನು?” ಅಂತ ಏನೋ ಕೇಳಿದರು. ನಾನು ಗಟ್ಟಿಯಾಗಿ ಅಳತೊಡಗಿದೆ. ಮಕ್ಕಳ ಮುಂದೆ, ಹೆಡ್‌ಮಾಸ್ತರರ ಮುಂದೆ ಎಂದೂ ಅಳದವಳು ಗುರುತಿಲ್ಲದ ಓಣಿಯಲ್ಲಿ ಅತ್ತೆ. ಆ ಟಬ್ಬಿನ ಎದುರಿನ ಮನೆಯ ಮೆಟ್ಟಿಲ ಮೇಲೆ ಇವರು ಕುಸಿದರು.

ಮನೆಯೊಳಗಿಂದ ಒಬ್ಬ ಹೆಂಗಸು ಓಡಿ ಬಂದಳು. ನಲವತ್ತರ ಆಸುಪಾಸು, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಾಳೆ, ಕೈತುಂಬ ಸೋಪಿನ ನೊರೆ. ಇವರ ಮುಖ ನೋಡಿದವಳೇ ಒಳಗೆ ಹೋಗಿ ಒಂದು ಗ್ಲಾಸು ನೀರು, ಒಂದು ಗ್ಲಾಸು ನಿಂಬೆ ಶರಬತ್ತು ತಂದಳು. “ಶಕ್ಕರ್ ಗಿರ್ ರಹೀ ಹೈ. ಮೇರೆ ಅಬ್ಬಾ ಕೋ ಭೀ ಐಸೀಚ್ ಹೋತಾ ಥಾ. ಪಿಲಾವ್ ಅಮ್ಮಾ!” ಅವಳ ಅಪ್ಪನಿಗೂ ಹೀಗೇ ಆಗುತ್ತಿತ್ತಂತೆ, ಸಕ್ಕರೆ ಇಳಿದದ್ದು ಅವಳಿಗೆ ನೋಡಿದೊಡನೆ ತಿಳಿದಿತ್ತು.

ನಾನು ಗ್ಲಾಸು ಬಾಯಿಗೆ ಹಿಡಿದೆ. ಇವರು ತುಟಿ ಬಿಗಿದರು. ಅರೆ ಎಚ್ಚರದಲ್ಲೂ ಆ ತುಟಿ ಬಿಗಿಯುವುದು ಮಾತ್ರ ಮರೆತಿರಲಿಲ್ಲ.

“ಕ್ಯೋಂ ನಹೀಂ ಪೀತೇ?” ಯಾಕೆ ಕುಡಿಯುತ್ತಿಲ್ಲ ಅಂತ ಕೇಳಿದಳು ಅವಳು.

ಕೊರಳಿನ ದೇವರು ಬಿದ್ದುಹೋಗಿದೆ, ಅದು ಸಿಗದೆ ನೀರೂ ಕುಡಿಯುವುದಿಲ್ಲ ಅಂತ ನನ್ನ ಹರಕು ಹಿಂದಿಯಲ್ಲಿ ಹೇಳಿದೆ. “ಗಲೇ ಕಾ ಭಗವಾನ್ ಗಿರ್ ಗಯಾ. ಮಿಲೇ ಬಿನಾ ಪಾನಿ ಭೀ ನಹೀಂ ಪೀತೇ.”

ಅವಳು ನನ್ನನ್ನೇ ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು: “ಸಫೇದ್ ಕಪ್ಡೇ ಮೇ? ರಾಖ್ ಲಗೀ ಹುಯೀ?”

ಬಿಳಿ ಬಟ್ಟೆ, ಬೂದಿ! ನಾನು ಹೌದೆನ್ನುವಷ್ಟರಲ್ಲಿ ಅವಳು ರಸ್ತೆಗೆ ಇಳಿದಿದ್ದಳು. ಕಲ್ಲು ತೆಗೆದು ಬದಿಗಿಟ್ಟಳು. ಕೆಂಪು ಟಬ್ಬು ಎತ್ತಿದಳು. ಸಿಮೆಂಟಿನ ಮೇಲೆ, ನಾನು ಎಡವಿದ ಜಾಗದಲ್ಲೇ, ಇವರು ಕಟ್ಟಿದ ಪಾವಡದ ಗಂಟು ಹಾಗೇ ಕೂತಿತ್ತು. ಬಗಲಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕುವುದು ಅಂದರೆ ಇದೇ.

ಅವಳು ಮುಟ್ಟಲಿಲ್ಲ. ನನ್ನ ಕಡೆ ನೋಡಿ, ‘ನೀವೇ ತಗೊಳ್ಳಿ’ ಅನ್ನುವಂತೆ ಹಿಂದೆ ಸರಿದಳು. ನಾನು ಎತ್ತಿ ತಂದು ಇವರ ಅಂಗೈಯಲ್ಲಿಟ್ಟೆ. ಬೆರಳು ತಾವಾಗಿ ಮುಚ್ಚಿಕೊಂಡವು.

ನೆಲಕ್ಕೆ ಬಿದ್ದ ಲಿಂಗಕ್ಕೆ ನೀರೆರೆಯದೆ ಕೊರಳಿಗೆ ಹಾಕುವಂತಿಲ್ಲ. ಮನೆಯ ಬಾಟಲಿ ಗುಡ್ಡದ ಮೇಲಿದೆ. ಅದನ್ನು ತರುವಷ್ಟು ಹೊತ್ತು ಇವರ ಹತ್ತಿರ ಇಲ್ಲ. ನಾನು ಆ ಹೆಂಗಸಿನ ನೀರಿನ ಗ್ಲಾಸು ನೋಡಿದೆ. ಇವರೂ ನೋಡಿದರು. ಮಗಳ ಆಫೀಸಿನ ಫಿಲ್ಟರ್ ನೀರು ಒಲ್ಲೆ ಅಂದ ಮನುಷ್ಯ ಪಾವಡ ಬಿಚ್ಚಿ, ಅಂಗೈ ಮುಂದೆ ಚಾಚಿ ಅಂದರು:

“ಹಾಕವ್ವಾ.”

ಕನ್ನಡದಲ್ಲೇ ಅಂದರು. ಅವಳಿಗೆ ಹೇಗೋ ತಿಳಿಯಿತು. ನೊರೆಗೈ ಸೆರಗಿಗೆ ಒರೆಸಿಕೊಂಡು, ತಲೆಯ ಮೇಲೆ ಸೆರಗು ಎಳೆದುಕೊಂಡು, ಗ್ಲಾಸು ಓರೆ ಮಾಡಿ ಸಣ್ಣಗೆ ನೀರು ಬಿಟ್ಟಳು. ನೀರು ಲಿಂಗದ ಮೇಲಿಂದ ಇವರ ಬೆರಳ ಸಂದಿನಿಂದ ಇಳಿದು ಮೆಟ್ಟಿಲಿಗೆ ಬಿತ್ತು. ನಾನು ಪಾವಡ ಸುತ್ತಿ, ಶಿವದಾರಕ್ಕೆ ಗಂಟು ಹಾಕಿ ಇವರ ಕೊರಳಿಗೆ ಕಟ್ಟಿದೆ. ಈ ಸಲ ಗಂಟು ನಾನೇ ಹಾಕಿದೆ. ಆಮೇಲೆ ಇವರು ಬಾಯಿ ತೆರೆದರು. ಶರಬತ್ತು ಒಂದು ಗುಟುಕು, ಎರಡು ಗುಟುಕು, ಗ್ಲಾಸು ಖಾಲಿ. ಅವಳು ಇನ್ನೊಂದು ತಂದಳು. ಮೇಲೆ ನನ್ನ ಶೇಂಗಾ ಉಂಡಿ, ಆಮೇಲೆ ರೊಟ್ಟಿ. ಮುಖಕ್ಕೆ ಕಳೆ ಬರುವವರೆಗೆ ನಾನು ಉಸಿರು ಬಿಟ್ಟೆನೋ ಇಲ್ಲವೋ ನೆನಪಿಲ್ಲ.

ಅಷ್ಟರಲ್ಲಿ ಫೋನು ಬಂತು. ವೈಜನಾಥ ಅಯ್ಯನವರು. “ಮೊದ್ಲ ನೀರು ಕುಡಿ ಅನ್ರಿ ಅಂವಗ. ಪಾಪ ಬಂದ್ರ ನನಗ ಬರ್ಲಿ!”

“ಕುಡದ್ರಿ ಅಯ್ಯಾರ,” ಅಂದೆ. “ನಿಮಗ ಯಾ ಪಾಪಾನೂ ಬರಂಗಿಲ್ಲ.”

ಅವಳ ಹೆಸರು ಖೈರುನ್ನಿಸಾ. ಆಮೇಲೆ ಕೂತು ನಡೆದದ್ದು ಹೇಳಿದಳು. ಬೆಳಿಗ್ಗೆ ಬಾಗಿಲು ತೆಗೆದರೆ ನಡುರಸ್ತೆಯಲ್ಲಿ ಬಿಳಿ ಗಂಟು, ಬಟ್ಟೆಯೆಲ್ಲ ಬೂದಿ, ಒಳಗಿಂದ ಇಣುಕುವ ಎಲೆ. ಎದುರು ಮನೆಯ ತೆಲುಗು ಅಮ್ಮ ನೋಡಿದವಳೇ ‘ಚೇತಬಡಿ’ ಅಂತ ಕೂಗಿ ಬಾಗಿಲು ಹಾಕಿಕೊಂಡಳಂತೆ. ಮಾಟ ಮಾಡಿ ಎಸೆದದ್ದು ಅಂತ ಓಣಿಯೇ ನಂಬಿತು. ದಾಟುವವರೆಲ್ಲ ಗೋಡೆ ಹಿಡಿದು ದಾಟಿದರು. ಯಾರೋ ಕೋಲಿನಿಂದ ಗಟಾರಕ್ಕೆ ತಳ್ಳೋಣ ಅಂದರು. ಅವಳು ಬಿಡಲಿಲ್ಲ.

“ಡರ್ ಮೇರೆಕು ಭೀ ಲಗಾ ಅಮ್ಮಾ,” ಅಂದಳು ಮುಚ್ಚುಮರೆಯಿಲ್ಲದೆ. ಅವಳಿಗೂ ಹೆದರಿಕೆಯೇ. ಅದಕ್ಕೇ ಕೈಯಿಂದ ಮುಟ್ಟಲಿಲ್ಲ. ಆದರೆ ಮಾಟದ್ದಾದರೆ ಯಾರೂ ತುಳಿಯಬಾರದು, ದೇವರದ್ದಾದರಂತೂ ತುಳಿಯಲೇಬಾರದು. ಯಾವುದೆಂದು ತಿಳಿಯುವವರೆಗೆ ಮುಚ್ಚಿಡುವುದು ಒಳ್ಳೆಯದೆಂದು ಮನೆಯ ಟಬ್ಬು ತಂದು ಬೋರಲು ಹಾಕಿದಳು. ಗಾಳಿಗೆ, ಇಳಿಜಾರಿಗೆ ಜಾರಬಾರದೆಂದು ಕಲ್ಲು ಹೇರಿದಳು.

ಇವರ ಲಿಂಗವನ್ನು ಕಾದದ್ದು ಹೆದರಿಕೆ. ಆ ಹೆದರಿಕೆಗೂ ನಾನು ಕೈ ಮುಗಿದೆ. ಓಣಿಯಲ್ಲಿ ಒಬ್ಬನೇ ಒಬ್ಬ ಹೆದರದ ಬುದ್ಧಿವಂತ ಇದ್ದಿದ್ದರೂ ಅದು ಅಷ್ಟು ಹೊತ್ತಿಗೆ ಗಟಾರದಲ್ಲಿರುತ್ತಿತ್ತು.

ಒಳಗೆ ಕಣ್ಣು ಹಾಯಿಸಿದೆ. ಹಜಾರದ ನೆಲದ ಮೇಲೆ ಒಂದು ರಾಶಿ ಬಟ್ಟೆ, ಸೋಪು ಹಚ್ಚಿದ್ದು ಹಚ್ಚಿದ ಹಾಗೇ. ಬದಿಗೆ ಒಂದು ಸಣ್ಣ ಪಾತ್ರೆ. ಅದರಲ್ಲಿ ಒಂದೊಂದೇ ಬಟ್ಟೆ ಅದ್ದಿ ಹಿಂಡುತ್ತಿದ್ದಳು. ಮನೆಯಲ್ಲಿ ಇದ್ದದ್ದು ಅದೊಂದೇ ಟಬ್ಬು. ನಲ್ಲಿಯ ನೀರು ಬಂದು ಹೋಗುವ ಹೊತ್ತು, ಆ ಟಬ್ಬು ಯಾರದೋ ಗುರುತಿಲ್ಲದ ಗಂಟಿನ ಮೇಲೆ ನಡುರಸ್ತೆಯಲ್ಲಿತ್ತು. ಅದನ್ನು ಅವಳು ಹೇಳಲೂ ಇಲ್ಲ. ಆ ಟಬ್ಬಿಗೆ, ಅದನ್ನು ಇಟ್ಟವಳಿಗೆ ನಾನು ಬೈದಿದ್ದೆ.

ಸೆರಗು ಸಿಕ್ಕಿಸಿ ಒಳಗೆ ಹೋದೆ. ಬೇಡ ಬೇಡ ಅಂದಳು. ಶಾಲೆಯಲ್ಲಿ ಬೇಡ ಅಂದ ಮಕ್ಕಳ ಮಾತು ಎಂದಾದರೂ ಕೇಳಿದ್ದೇನೆಯೇ? ಇಬ್ಬರೂ ಎರಡು ತುದಿ ಹಿಡಿದು ಚಾದರ ಹಿಂಡಿದೆವು. ಹೊರಗೆ ಇವರು ಮೆಟ್ಟಿಲ ಮೇಲೆ ಕೂತು, ಟಬ್ಬಿಗೆ ಮೆತ್ತಿದ್ದ ರಸ್ತೆಯ ಧೂಳನ್ನು ತಮ್ಮ ಹೆಗಲ ವಸ್ತ್ರದಿಂದ ಒರೆಸುತ್ತಿದ್ದರು, ಪೂಜೆಯ ತಂಬಿಗೆ ಒರೆಸುವ ಹಾಗೆ.

ಮುಂದಿನ ಭಾನುವಾರಗಳಲ್ಲಿ ಬೇರೆ ಏರುಗಳೂ ಆದವು. ಆದರೆ ತಿಂಗಳಿಗೊಮ್ಮೆ ಮೌಲಾಲಿ ತಪ್ಪದು, ಡಬ್ಬಿಯಲ್ಲಿ ಒಬ್ಬರ ರೊಟ್ಟಿ ಹೆಚ್ಚು. ಆ ಏರಿಗೆ ಇವರು ನೀರಿನ ಬಾಟಲಿ ಒಯ್ಯುವುದಿಲ್ಲ. ಕೇಳಿದರೆ ‘ಭಾರ ಆಗತೈತಿ’ ಅನ್ನುತ್ತಾರೆ.

ಕರಡಿಗೆ ರಿಪೇರಿಯಾಗಿ ಬಂದ ದಿನ ಬೆಳಿಗ್ಗೆ ನಾನು ಚಹಾ ಹಿಡಿದು ದೇವರ ಕೋಣೆಯ ಬಾಗಿಲಲ್ಲಿ ನಿಂತಿದ್ದೆ. ಪೂಜೆ ಮುಗಿಯುತ್ತ ಬಂದಿತ್ತು. ಗುರುವಿಗೆ ಶರಣು, ಲಿಂಗಕ್ಕೆ ಶರಣು, ಜಂಗಮಕ್ಕೆ ಶರಣು. ಇಷ್ಟಾದ ಮೇಲೆ ಏಳುವುದು ಇವರ ವಾಡಿಕೆ. ಏಳಲಿಲ್ಲ. ಅಂಗೈಯ ಲಿಂಗವನ್ನು ಕಣ್ಣಿಗೆ ಒತ್ತಿಕೊಂಡು, ದನಿ ತಗ್ಗಿಸಿ ಇನ್ನೊಂದು ಸೇರಿಸಿದರು:

“ಟಬ್ಬಿನ ತಾಯಿಗೆ ಶರಣು.”

ಗೇಲಿ ಮಾಡಬೇಕೆಂದು ಬಾಯಿ ತೆರೆದೆ. ಚಹಾ ಕೆಳಗಿಟ್ಟು ನಾನೂ ಕೈ ಮುಗಿದೆ.